ತಿಂಗಳಿಗೆ ನಲವತ್ತು ಕವರ್ ಕಳಿಸೋ ಅಂಗಡಿಗೆ ಫ್ರಾಂಕಿಂಗ್ ಮೆಷಿನ್ ಬೇಕಾ?

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಸರಿ, ಇವತ್ತು ಅಂಚೆ ಖರ್ಚಿನ ಲೆಕ್ಕ ಮಾಡೋಣ. ಬೋರ್ ಅನ್ನಬೇಡಿ, ಇದರಲ್ಲಿ 35,000 ರೂಪಾಯಿ ಕಳಕೊಂಡ ಕಥೆ ಇದೆ.

ಹುಬ್ಬಳ್ಳಿಯಲ್ಲಿ ನಮ್ಮ ಕಾಕಾ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಕಳೆದ ವಾರ ಫೋನ್ ಬಂತು. "ತಮ್ಮಾ, ಒಬ್ಬಾಂವ ಬಂದು ಫ್ರಾಂಕಿಂಗ್ ಮಷೀನ್ ತಗೋರಿ, ಟಪಾಲ್ ಖರ್ಚು ಅರ್ಧ ಆಗ್ತದ ಅನ್ನಾಕತ್ತಾನ. ತಗೊಳ್ಳಲೋ ಬ್ಯಾಡೋ?"

ನಾನು ಕೇಳಿದೆ, "ಕಾಕಾ, ತಿಂಗಳಿಗೆ ಎಷ್ಟು ಕವರ್ ಕಳಸ್ತೀರಿ?"

"ಒಂದು ನಲವತ್ತು."

ಮೊದಲು ಈ ಮೆಷಿನ್ ಏನು ಅಂತ ನೋಡೋಣ. ಸ್ಟಾಂಪ್ ಹಚ್ಚೋ ಬದಲು ಕವರ್ ಮೇಲೆ ಅಂಚೆ ದರದ ಮುದ್ರೆ ಒತ್ತುತ್ತೆ. ಇಟ್ಟುಕೊಳ್ಳೋಕೆ ಅಂಚೆ ಇಲಾಖೆಯ ಲೈಸೆನ್ಸ್ ಬೇಕು, ಮೊದಲೇ ದುಡ್ಡು ತುಂಬಬೇಕು, ಮೆಷಿನ್‌ಗೆ ಸರ್ವಿಸ್, ಇಂಕು ಅಂತ ಖರ್ಚು ಬೇರೆ. ಇದರಿಂದ ಉಳಿಯೋದು ಮುಖ್ಯವಾಗಿ ಸ್ಟಾಂಪ್ ಹಚ್ಚೋ ಸಮಯ. ದಿನಕ್ಕೆ ನೂರಾರು ಕವರ್ ಕಳಿಸೋ ಆಫೀಸಿಗೆ ಅದು ದೊಡ್ಡ ಉಳಿತಾಯ. ದಿನಕ್ಕೆ ಎರಡು ಕವರ್ ಕಳಿಸೋರಿಗೆ?

ಹಾಗಾದ್ರೆ ಕಾಕಾನ ದುಡ್ಡು ಎಲ್ಲಿ ಹೋಗ್ತಿದೆ? ಇಲ್ಲೇ ಆ 35,000ದ ಕಥೆ ಬರೋದು.

ಒಬ್ಬ ಗಿರಾಕಿ ಕೊಟ್ಟ 85,000 ರೂಪಾಯಿ ಚೆಕ್ ಬೌನ್ಸ್ ಆಗಿತ್ತು. ಇಂಥ ಕೇಸಲ್ಲಿ, ಚೆಕ್ ವಾಪಸ್ ಬಂತು ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ಕಾಕಾ ನೋಟಿಸನ್ನ ಐದು ರೂಪಾಯಿ ಸ್ಟಾಂಪ್ ಹಚ್ಚಿ ಡಬ್ಬಿಗೆ ಹಾಕಿಬಿಟ್ರು. ಗಿರಾಕಿ "ನನಗೇನೂ ಬಂದೇ ಇಲ್ಲ" ಅಂದ. ಕೈಯಲ್ಲಿ ರಸೀದಿ ಇಲ್ಲ. 30 ದಿನ ಮುಗಿದಿತ್ತು, ಚೆಕ್‌ನ ಮೂರು ತಿಂಗಳ ಅವಧಿಯೂ ಮುಗಿದಿದ್ದರಿಂದ ಮತ್ತೆ ಬ್ಯಾಂಕಿಗೆ ಹಾಕೋ ಹಾಗೂ ಇರಲಿಲ್ಲ. ಕೊನೆಗೆ 50,000ಕ್ಕೆ ರಾಜಿ.

ಅವತ್ತಿಂದ ಕಾಕಾ ಬಿಸಿ ಹಾಲು ಕುಡಿದ ಬೆಕ್ಕಿನ ಹಾಗೆ. ಬಿಲ್ಲು, ರೇಟ್ ಲಿಸ್ಟು, ಹಬ್ಬದ ಶುಭಾಶಯ, ಎಲ್ಲಾನೂ ಸ್ಪೀಡ್ ಪೋಸ್ಟ್!

ಈಗ ದರ ನೋಡೋಣ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಸ್ಪೀಡ್ ಪೋಸ್ಟ್ ದರ ಹೀಗಿದೆ. 50 ಗ್ರಾಂವರೆಗೆ ಊರೊಳಗೆ 19 ರೂಪಾಯಿ, ಹೊರಗೆ ದೇಶದ ಯಾವ ಮೂಲೆಗಾದ್ರೂ 47. ಇದರ ಮೇಲೆ ಶೇ. 18 ಜಿಎಸ್‌ಟಿ. ಅಂದ್ರೆ 22.42 ಮತ್ತು 55.46. ಕಾಕಾ ಊರೊಳಗೆ 24, ಹೊರಗೆ 16 ಕವರ್ ಕಳಿಸ್ತಾರೆ. ಒಟ್ಟು ಸುಮಾರು 1,425 ರೂಪಾಯಿ.

ಮೆಷಿನ್ ತಂದ್ರೂ ಕವರಿನ ದರ ಅರ್ಧ ಆಗಲ್ಲ. ಅರ್ಧ ಮಾಡೋಕೆ ಕವರ್‌ಗಳನ್ನ ವಿಂಗಡಿಸಬೇಕು. ಪ್ರತಿ ಕವರ್ ಕೈಗೆತ್ತಿಕೊಂಡಾಗ ಒಂದೇ ಪ್ರಶ್ನೆ: ಇದು ಕಳೆದುಹೋದ್ರೆ ನನಗೆ ಏನು ನಷ್ಟ?

ನಷ್ಟ ಏನೂ ಇಲ್ಲ ಅಂದ್ರೆ, ರೇಟ್ ಲಿಸ್ಟ್ ಥರದ್ದು, ಸಾದಾ ಅಂಚೆ ಸಾಕು. 20 ಗ್ರಾಂವರೆಗೆ 5 ರೂಪಾಯಿ.

ಇನ್ನು ಬಿಲ್ಲು, ಲೆಕ್ಕದ ಸ್ಟೇಟ್‌ಮೆಂಟು. ಗಿರಾಕಿ ಒಪ್ಪಿದರೆ ಇಮೇಲ್ ಮಾಡಿ. ಖರ್ಚು ಸೊನ್ನೆ.

ಬೇಗ ತಲುಪಬೇಕು, ಎಲ್ಲಿದೆ ಅಂತ ಟ್ರ್ಯಾಕ್ ಮಾಡಬೇಕು ಅಂದ್ರೆ ಮಾಮೂಲಿ ಸ್ಪೀಡ್ ಪೋಸ್ಟ್.

ನಾಳೆ ಕೋರ್ಟಿನಲ್ಲಿ ತೋರಿಸಬೇಕಾಗಬಹುದು ಅಂದ್ರೆ? ಇಲ್ಲಿ ಎಚ್ಚರ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ವಿಲೀನ ಆಗಿದೆ. ಆದ್ರೆ ನೋಂದಣಿ ಅನ್ನೋ ಸೌಲಭ್ಯ ಹೋಗಿಲ್ಲ. ಸ್ಪೀಡ್ ಪೋಸ್ಟ್ ಮೇಲೆ 5 ರೂಪಾಯಿ, ಜೊತೆಗೆ ಜಿಎಸ್‌ಟಿ ಕೊಟ್ಟರೆ, ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕವರ್ ಕೊಡ್ತಾರೆ. ಕೌಂಟರ್‌ನಲ್ಲಿ "ರಿಜಿಸ್ಟ್ರೇಷನ್ ಹಾಕಿ" ಅಂತ ನೀವೇ ಕೇಳಿ. ಇದು ಯಾಕೆ ಮುಖ್ಯ? 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಸರಿಯಾದ ವಿಳಾಸ ಬರೆದು, ದರ ಕಟ್ಟಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರೆ, ಬೇರೆ ಥರ ಸಾಬೀತಾಗೋವರೆಗೆ ಅದು ತಲುಪಿದೆ ಅಂತಲೇ ಲೆಕ್ಕ. ನೋಟಿಸ್ ಕಳಿಸೋ ಮುಂಚೆ ಯಾವ ವಿಧಾನ ಅಂತ ನಿಮ್ಮ ವಕೀಲರನ್ನೂ ಒಂದು ಮಾತು ಕೇಳಿ.

ಕಾಕಾನ ನಲವತ್ತನ್ನ ಹೀಗೆ ಹಂಚಿದ್ವಿ: 18 ಇಮೇಲ್, 10 ಸಾದಾ ಅಂಚೆ, ಹೊರಗಿನ 8 ಸ್ಪೀಡ್ ಪೋಸ್ಟ್, 4 ನೋಂದಣಿ ಸಮೇತ. ಖರ್ಚು ಸುಮಾರು 739 ರೂಪಾಯಿ. ವರ್ಷಕ್ಕೆ 8,000ಕ್ಕೂ ಮೇಲೆ ಉಳಿತಾಯ.

ಇನ್ನೊಂದು ಚಿಕ್ಕ ಉಪಾಯ, ತೂಕ. 80 ಜಿಎಸ್‌ಎಂನ ಒಂದು ಎ4 ಹಾಳೆ ಹತ್ತಿರ ಹತ್ತಿರ 5 ಗ್ರಾಂ. ಹತ್ತು ಹಾಳೆ ಅಂದ್ರೆ ಕವರ್ ಸೇರಿ 50 ದಾಟುತ್ತೆ. 51 ಗ್ರಾಂ ಆಯ್ತು ಅಂದ್ರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ 47 ಹೋಗಿ 63. ಎರಡೂ ಬದಿ ಪ್ರಿಂಟ್ ಹಾಕಿ, ಐದೇ ಹಾಳೆ, ಮುಗೀತು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ರೆ ಅಂಗಡಿಯಲ್ಲೇ ತೂಗಿ ನೋಡಬಹುದು.

ಖಾಸಗಿ ಕೊರಿಯರ್? ಊರೊಳಗಿನ ಕವರ್‌ಗೆ, ಅಂಗಡಿಗೇ ಬಂದು ತಗೊಂಡು ಹೋಗ್ತಾರೆ ಅಂದ್ರೆ ವಿಚಾರಿಸಿ. ಆದ್ರೆ ದರ ಕೇಳುವಾಗ ಜಿಎಸ್‌ಟಿ ಸೇರಿಸಿ ಎಷ್ಟು, ಹಳ್ಳಿಯ ವಿಳಾಸಕ್ಕೆ ಮನೆವರೆಗೂ ಕೊಡ್ತೀರಾ, ಇವೆರಡನ್ನ ಮರೀಬೇಡಿ. ನಮ್ಮ ಕಾಕಾನ ಗಿರಾಕಿಗಳಲ್ಲಿ ಅರ್ಧ ಜನ ರೈತರು. ಅವರ ಊರಿಗೆ ಪೋಸ್ಟ್‌ಮ್ಯಾನ್ ಹೋಗ್ತಾರೆ, ಕೊರಿಯರ್‌ನವರು ತಾಲ್ಲೂಕು ಕೇಂದ್ರಕ್ಕೆ ಬಂದು ಫೋನ್ ಮಾಡ್ತಾರೆ.

ಪುಸ್ತಕ ಮಾರೋರಿಗೆ ಒಂದು ಮಾತು. 2025ರ ಮೇ 1ರಂದು ಜ್ಞಾನ ಪೋಸ್ಟ್ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ಆದ್ರೆ ಜಾಹೀರಾತು, ಕ್ಯಾಟಲಾಗ್ ಅದರಲ್ಲಿ ಹೋಗಲ್ಲ.

ಕೊನೇ ಮಾತು. ಅಂಚೆ ರಸೀದಿ ಥರ್ಮಲ್ ಕಾಗದದ್ದು, ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತೆ. ಕೌಂಟರ್ ಬಿಡೋ ಮುಂಚೆ ಫೋಟೋ ತೆಗೀರಿ. ಈ ತಿಂಗಳು ಒಂದು ನೋಟ್‌ಬುಕ್ಕಲ್ಲಿ ಯಾರಿಗೆ, ಯಾಕೆ, ಎಷ್ಟು ಅಂತ ಬರೆದಿಡಿ. ಯಾರಾದ್ರೂ ಮೆಷಿನ್ ಮಾರೋಕೆ ಬಂದ್ರೆ ಆ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿ.

ಕಾಕಾ ಎಲ್ಲಾ ಕೇಳಿ ಅಂದ್ರು: "ಹಂಗಾದ್ರ ಅವತ್ತು ನಾ ಉಳಿಸಿದ್ದು ಐವತ್ತು ರೂಪಾಯಿ ಏನು?"

ಹೂಂ ಕಾಕಾ. ಸುಮಾರು ಅಷ್ಟೇ.

ಮುಂದಿನ ವಾರ ಸಿಗೋಣ. ನಮಸ್ಕಾರ.