ಕಾರಿನ ಇಂಜಿನ್‌ಗೆ ಬೈಕ್ ಕಾರ್ಬ್ಯುರೇಟರ್: ಐಡ್ಲಿಂಗ್ ದೋಷದ ಮೂಲವೆಲ್ಲಿ?

ಮೋಟಾರು ಬಿಡಿಭಾಗಗಳ ವ್ಯಾಪಾರದಲ್ಲಿಯೂ ಸಣ್ಣ ಯಂತ್ರಾಗಾರಗಳಲ್ಲಿಯೂ ತೊಡಗಿರುವ ಸದಸ್ಯರ ಬಳಿಗೆ ಅಪರೂಪಕ್ಕೊಮ್ಮೆ ಒಂದು ವಿಶಿಷ್ಟ ಬೇಡಿಕೆ ಬರುವುದುಂಟು. ದೊಡ್ಡ ಮೋಟಾರ್ ಸೈಕಲ್ಲಿನಿಂದ ಕಳಚಿದ ನಾಲ್ಕು ಕಾರ್ಬ್ಯುರೇಟರ್‌ಗಳ ಸಾಲೊಂದನ್ನು ಮೇಜಿನ ಮೇಲಿಟ್ಟು, ‘ಇದನ್ನು ಕಾರಿನ ಇಂಜಿನ್‌ಗೆ ಕೂರಿಸಲು ಮ್ಯಾನಿಫೋಲ್ಡ್ ಮಾಡಿಕೊಡಿ’ ಎಂದು ಗಿರಾಕಿ ಕೇಳುತ್ತಾನೆ. ಕೆಲಸ ಚಿಕ್ಕದು, ಲಾಭಾಂಶ ಚೆನ್ನಾಗಿಯೇ ಇರುತ್ತದೆ. ಆದರೆ ಹದಿನೈದು ದಿನಗಳಲ್ಲಿ ಅದೇ ಗಿರಾಕಿ ಮರಳಿ ಬಂದು, ‘ಓಡುವಾಗ ಚೆನ್ನಾಗಿದೆ, ಸಿಗ್ನಲ್‌ನಲ್ಲಿ ನಿಂತರೆ ಬಂದ್ ಆಗುತ್ತದೆ’ ಎನ್ನುತ್ತಾನೆ. ಅಲ್ಲಿಂದ ಮುಂದೆ ವ್ಯಯವಾಗುವ ಸಮಯಕ್ಕೆ ಬಿಲ್ಲು ಹಾಕಲಾಗುವುದಿಲ್ಲ. ಈ ದೋಷದ ಮೂಲವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ಪದ್ಧತಿ ಬೆಳೆದದ್ದು ಬ್ರಿಟನ್ನಿನಲ್ಲಿ. 1957ರ ಲೋಟಸ್ ಸೆವೆನ್ ಮಾದರಿಯ, ಮಾಲೀಕರೇ ಜೋಡಿಸಿಕೊಳ್ಳುವ ಕಿಟ್ ಕಾರುಗಳು ಅಲ್ಲಿ ಇಂದಿಗೂ ಜನಪ್ರಿಯ. ಫೋರ್ಡ್ ಕಂಪನಿಯು 1967ರಲ್ಲಿ ಹೊರತಂದ ಕ್ರಾಸ್‌ಫ್ಲೋ ಇಂಜಿನ್ ಅವುಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಅದಕ್ಕೆ ಒಪ್ಪುವ ವೆಬರ್ ಕಾರ್ಬ್ಯುರೇಟರ್‌ಗಳ ಜೋಡಿ ದುಬಾರಿ. ಇತ್ತ ಜಪಾನಿನ ಬೈಕುಗಳಲ್ಲಿ ಸಿಲಿಂಡರಿಗೊಂದರಂತೆ ನಾಲ್ಕು ಉತ್ತಮ ಕಾರ್ಬ್ಯುರೇಟರ್‌ಗಳು ಇರುತ್ತಿದ್ದವು. 1998ರಲ್ಲಿ ಬಂದ 998 ಸಿ.ಸಿ.ಯ ಯಮಹಾ ಆರ್1 ಬೈಕಿನಲ್ಲಿ 40 ಮಿ.ಮೀ.ನ ಮಿಕುನಿ ಕಾರ್ಬ್ಯುರೇಟರ್‌ಗಳಿದ್ದವು. 2002ರಲ್ಲಿ ಅದೇ ಬೈಕು ಫ್ಯುಯೆಲ್ ಇಂಜೆಕ್ಷನ್‌ಗೆ ಬದಲಾಯಿತು. ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಇಂಥ ಸಾಲುಗಳನ್ನೇ ಕಾರಿಗೆ ಜೋಡಿಸುವ ಕಲೆ ಹಾಗೆ ಹುಟ್ಟಿಕೊಂಡಿತು.

ನಮ್ಮಲ್ಲಿ ಈ ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಎಚ್ಚರಿಕೆ ಅಗತ್ಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮತ್ತು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ವಿವರಿಸಿ ನೀಡಿದ ತೀರ್ಪಿನ ಪ್ರಕಾರ, ತಯಾರಕರ ಮೂಲ ವಿವರಣೆಗೆ ವ್ಯತ್ಯಾಸವಾಗುವಂತೆ ರಸ್ತೆಯ ವಾಹನವನ್ನು ಮಾರ್ಪಡಿಸುವಂತಿಲ್ಲ. ಆದುದರಿಂದ ಸ್ಪರ್ಧೆಗಷ್ಟೇ ಬಳಸುವ ವಾಹನ ಎಂಬುದನ್ನು ಗಿರಾಕಿಯಿಂದ ಬರಹದಲ್ಲಿ ಪಡೆದು ಕಡತದಲ್ಲಿ ಇಟ್ಟುಕೊಳ್ಳುವುದು ಲೇಸು.

ಜೆಟ್‌ಗಳ ಮೇಲೆ ಅನವಶ್ಯಕ ಅನುಮಾನ

ಕಾರ್ಬ್ಯುರೇಟರ್ ಬೈಕಿನದು, ಇಂಜಿನ್ ಕಾರಿನದು. ಆದ್ದರಿಂದ ಜೆಟ್ ಹೊಂದುತ್ತಿಲ್ಲ ಎಂಬುದು ಎಲ್ಲರ ಮೊದಲ ತೀರ್ಮಾನ. ಪೂರ್ಣ ವೇಗದ ಮಟ್ಟಿಗೆ ಇದು ನಿಜ. ಮೇನ್ ಜೆಟ್ ಬದಲಿಸಲೇಬೇಕಾಗುತ್ತದೆ. ಐಡ್ಲಿಂಗ್ ಮಟ್ಟಿಗೆ ಲೆಕ್ಕ ಬೇರೆ. ಆರ್1 ಇಂಜಿನ್ನಿನ ಒಂದು ಸಿಲಿಂಡರು ಸುಮಾರು 250 ಸಿ.ಸಿ.; ಅದು ನಿಮಿಷಕ್ಕೆ 1,100 ಸುತ್ತಿನ ಐಡ್ಲಿಂಗ್‌ನಲ್ಲಿ ಎರಡು ಸುತ್ತಿಗೊಮ್ಮೆ ಉಸಿರೆಳೆದರೆ ಸುಮಾರು 137 ಲೀಟರಿನಷ್ಟು ಜಾಗ ತೆರೆದಂತಾಗುತ್ತದೆ. 1,600 ಸಿ.ಸಿ. ಕಾರಿನ ಒಂದು ಸಿಲಿಂಡರು 400 ಸಿ.ಸಿ.; 900 ಸುತ್ತಿಗೆ 180 ಲೀಟರು. ಬಟರ್‌ಫ್ಲೈ ಕವಾಟ ಮುಚ್ಚಿರುವುದರಿಂದ ವಾಸ್ತವವಾಗಿ ಒಳಹೋಗುವ ಗಾಳಿ ಎರಡರಲ್ಲಿಯೂ ಇದರ ಒಂದು ಅಂಶ ಮಾತ್ರ. ಅಂತರವಿದೆ, ಆದರೆ ಮಿಕ್ಶ್ಚರ್ ಸ್ಕ್ರೂವಿನ ಹಿಡಿತಕ್ಕೆ ಬಹುತೇಕ ಸಿಗುವಷ್ಟೇ ಇದೆ. ಪೈಲಟ್ ಜೆಟ್ ಬದಲಿಸುವುದು ಕೊನೆಯ ಕೆಲಸ, ಮೊದಲನೆಯದಲ್ಲ. ಹಾಗಾದರೆ ಮೊದಲು ನೋಡಬೇಕಾದುದೇನು? ಲೆಕ್ಕಕ್ಕೆ ಸಿಗದೆ ಒಳನುಗ್ಗುತ್ತಿರುವ ಗಾಳಿ.

ಮ್ಯಾನಿಫೋಲ್ಡ್: ನಮ್ಮ ಕೈಯದೇ ತಪ್ಪು

ಇಲ್ಲಿ ನನ್ನ ಯಂತ್ರಾಗಾರದ್ದೇ ಒಂದು ಪ್ರಸಂಗವನ್ನು ಹೇಳಬೇಕು. 1.3 ಲೀಟರಿನ ಸ್ಪರ್ಧಾ ಕಾರೊಂದಕ್ಕೆ ಅಲ್ಯುಮಿನಿಯಂ ಮ್ಯಾನಿಫೋಲ್ಡ್ ಮಾಡಿಕೊಟ್ಟಿದ್ದೆವು. 10 ಮಿ.ಮೀ. ಪ್ಲೇಟಿನ ಫ್ಲಾಂಜನ್ನು ಮಿಲ್ಲಿಂಗ್ ಯಂತ್ರದಲ್ಲಿ ಚೊಕ್ಕವಾಗಿ ಫೇಸಿಂಗ್ ಮಾಡಿ, ನಂತರ ಅದಕ್ಕೆ ನಾಲ್ಕು ಪೈಪುಗಳನ್ನು ಆರ್ಗಾನ್ ವೆಲ್ಡಿಂಗ್ ಮಾಡಲಾಗಿತ್ತು. ನೋಡಲು ಅಚ್ಚುಕಟ್ಟಾಗಿತ್ತು. ಕಾರು ಮಾತ್ರ ಐಡ್ಲಿಂಗ್‌ನಲ್ಲಿ ಏರಿಳಿಯುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೂ ವೇಗ ತಕ್ಷಣ ಇಳಿಯುತ್ತಿರಲಿಲ್ಲ. ಮೆಕ್ಯಾನಿಕ್ ಎರಡು ಬಾರಿ ಪೈಲಟ್ ಜೆಟ್ ಬದಲಿಸಿದರು, ಕಾರ್ಬ್ಯುರೇಟರ್‌ಗಳನ್ನು ಮೂರು ಬಾರಿ ಬಿಚ್ಚಿ ತೊಳೆದರು. ಕೊನೆಗೆ ಮ್ಯಾನಿಫೋಲ್ಡ್ ನಮ್ಮ ಬಳಿಗೆ ಹಿಂತಿರುಗಿತು. ಸರ್ಫೇಸ್ ಪ್ಲೇಟಿನ ಮೇಲಿಟ್ಟು ಫೀಲರ್ ಗೇಜ್ ತೂರಿಸಿದಾಗ 1 ಮತ್ತು 4ನೇ ಸಿಲಿಂಡರಿನ ತುದಿಗಳಲ್ಲಿ 0.15 ಮಿ.ಮೀ. ಬ್ಲೇಡು ಸಲೀಸಾಗಿ ಒಳಹೋಯಿತು. ವೆಲ್ಡಿಂಗ್ ಶಾಖಕ್ಕೆ ಫ್ಲಾಂಜು ಬಿಲ್ಲಿನಂತೆ ಬಾಗಿತ್ತು.

0.15 ಮಿ.ಮೀ. ಎಂದರೆ ಕಾಗದದ ದಪ್ಪಕ್ಕಿಂತ ತುಸು ಹೆಚ್ಚು. ಅದಕ್ಕೇಕೆ ಇಷ್ಟು ರಗಳೆ ಎಂದು ಕೇಳಬಹುದು. ಐಡ್ಲಿಂಗ್‌ನಲ್ಲಿ ಬಟರ್‌ಫ್ಲೈ ಬಹುತೇಕ ಮುಚ್ಚಿರುತ್ತದೆ. ಒಂದು ಸಿಲಿಂಡರಿಗೆ ಗಾಳಿ ಹೋಗುವ ಸಂದು ಕೆಲವೇ ಚದರ ಮಿಲಿಮೀಟರ್. 0.15 ಮಿ.ಮೀ. ಸಂದು 20 ಮಿ.ಮೀ. ಉದ್ದಕ್ಕೆ ಇದ್ದರೂ 3 ಚದರ ಮಿಲಿಮೀಟರ್ ಆಯಿತು. ಅಂದರೆ ಆ ಸಿಲಿಂಡರಿಗೆ ಪೆಟ್ರೋಲ್ ಬೆರೆಯದ ಇನ್ನೊಂದು ಬಾಗಿಲನ್ನೇ ತೆರೆದಿಟ್ಟಂತೆ. ಕಾರು ಓಡುವಾಗ ಬಟರ್‌ಫ್ಲೈ ಅಗಲವಾಗಿ ತೆರೆದುಕೊಳ್ಳುವುದರಿಂದ ಈ 3 ಚದರ ಮಿಲಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ‘ಓಡುವಾಗ ಚೆನ್ನಾಗಿದೆ’ ಎಂಬ ಗಿರಾಕಿಯ ಮಾತಿನ ಗುಟ್ಟು ಇದು.

ಫ್ಲಾಂಜನ್ನು ಪುನಃ ಫೇಸಿಂಗ್ ಮಾಡಿ, ಹೊಸ ಪ್ಯಾಕಿಂಗ್ ಹಾಕಿದ ದಿನವೇ ಐಡ್ಲಿಂಗ್ ನಿಂತಿತು. ಖರ್ಚು ನಮ್ಮದೇ. ಅಂದಿನಿಂದ ವೆಲ್ಡಿಂಗ್‌ಗೆ ಮೊದಲು ಪ್ಲೇಟಿನಲ್ಲಿ 1 ಮಿ.ಮೀ. ಹೆಚ್ಚುವರಿ ದಪ್ಪ ಬಿಟ್ಟು, ವೆಲ್ಡಿಂಗ್ ಮುಗಿದು ಜಾಬ್ ಪೂರ್ತಿ ತಣಿದ ಬಳಿಕವೇ ಅಂತಿಮ ಫೇಸಿಂಗ್ ಮಾಡುತ್ತೇವೆ.

ಗಾಳಿ ಎಳೆಯುವ ಇನ್ನಿತರ ಜಾಗಗಳೂ ಇವೆ. ಬೈಕಿನಲ್ಲಿ ವ್ಯಾಕ್ಯೂಮ್ ಗೇಜ್ ಜೋಡಿಸಲು ಇಟ್ಟಿರುವ ಸಣ್ಣ ಮೂತಿಗಳ ರಬ್ಬರ್ ಟೊಪ್ಪಿಗೆಗಳು ಬಿರುಕು ಬಿಟ್ಟಿರುತ್ತವೆ, ಇಲ್ಲವೇ ಕಳೆದೇಹೋಗಿರುತ್ತವೆ. ಕಾರ್ಬ್ಯುರೇಟರನ್ನು ಮ್ಯಾನಿಫೋಲ್ಡಿಗೆ ಸೇರಿಸುವ ರಬ್ಬರ್ ತೋಳುಗಳ ಒಳಮೈ ಸೀಳಿರುವುದು ಹೊರಗಿನಿಂದ ಕಾಣದು. ಬಟರ್‌ಫ್ಲೈ ದಂಡದ ಎರಡು ತುದಿಗಳು ಸವೆದಿರಬಹುದು. ಇಂಜಿನ್ ಓಡುತ್ತಿರುವಾಗ ಪ್ರತಿ ಜೋಡಣೆಯ ಮೇಲೂ ಕಾರ್ಬ್ಯುರೇಟರ್ ಕ್ಲೀನರನ್ನು ಹನಿಯಷ್ಟೇ ಸಿಂಪಡಿಸಿದರೆ, ಸೋರಿಕೆಯಿರುವ ಕಡೆ ಇಂಜಿನ್ನಿನ ಸದ್ದು ತಟ್ಟನೆ ಬದಲಾಗುತ್ತದೆ. ಆ ದ್ರವಕ್ಕೆ ಬೆಂಕಿ ಹತ್ತುವುದು ಸುಲಭ; ಸೈಲೆನ್ಸರ್ ಪೈಪು ಬಿಸಿಯಾಗುವ ಮೊದಲೇ, ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಂಡೇ ಈ ಪರೀಕ್ಷೆ ಮಾಡತಕ್ಕದ್ದು.

ಬ್ರೇಕ್ ಬೂಸ್ಟರ್ ಇರುವ ಕಾರಿನಲ್ಲಿ ಅದರ ಪೈಪನ್ನು ಒಂದೇ ಸಿಲಿಂಡರಿನಿಂದ ತೆಗೆಯುವುದು ಸಾಮಾನ್ಯ ತಪ್ಪು. ಆಗ ಆ ಒಂದು ಸಿಲಿಂಡರು ಸದಾ ಉಳಿದ ಮೂರಕ್ಕಿಂತ ಬೇರೆಯಾಗಿ ವರ್ತಿಸುತ್ತದೆ. ನಾಲ್ಕೂ ಕವಲುಗಳಿಂದ ಸಣ್ಣ ರಂಧ್ರದ ಪೈಪುಗಳನ್ನು ತಂದು ಒಂದು ಕೊಳವೆಗೆ ಸೇರಿಸಿ, ಅಲ್ಲಿಂದ ಏಕಮುಖ ಕವಾಟದ ಮೂಲಕ ಬೂಸ್ಟರಿಗೆ ಕೊಡಬೇಕು. ಮ್ಯಾನಿಫೋಲ್ಡ್ ತಯಾರಿಸುವಾಗಲೇ ಈ ನಾಲ್ಕು ರಂಧ್ರಗಳಿಗೆ ಚೂಡಿ ಹಾಕಿಕೊಟ್ಟರೆ ಮುಂದಿನ ತೊಂದರೆ ತಪ್ಪುತ್ತದೆ.

ಬಟರ್‌ಫ್ಲೈ ಎಷ್ಟು ತೆರೆದಿದೆ?

ಬಂದ್ ಆಗುವ ಇಂಜಿನ್ನನ್ನು ಹಿಡಿದು ನಿಲ್ಲಿಸಲು ಮೆಕ್ಯಾನಿಕ್‌ಗಳು ಐಡ್ಲಿಂಗ್ ಸ್ಕ್ರೂವನ್ನು ಬಿಗಿಗೊಳಿಸುತ್ತಲೇ ಹೋಗುತ್ತಾರೆ. ದೋಷ ಮರೆಯಾಗುತ್ತದೆ, ಪರಿಹಾರವಾಗುವುದಿಲ್ಲ. ಕಾರ್ಬ್ಯುರೇಟರಿನ ಗೋಡೆಯಲ್ಲಿ ಬಟರ್‌ಫ್ಲೈ ಅಂಚಿಗೆ ಸರಿಯಾಗಿ ಎರಡು ಮೂರು ಸೂಕ್ಷ್ಮ ರಂಧ್ರಗಳಿರುತ್ತವೆ. ಐಡ್ಲಿಂಗ್‌ನಿಂದ ಮುಂದಿನ ವೇಗಕ್ಕೆ ಹೋಗುವಾಗ ಮಾತ್ರ ಅವು ಪೆಟ್ರೋಲ್ ಕೊಡಬೇಕು. ಸ್ಕ್ರೂವನ್ನು ಅತಿಯಾಗಿ ಒತ್ತಿದರೆ ಅವು ಐಡ್ಲಿಂಗ್‌ನಲ್ಲಿಯೇ ತೆರೆದುಕೊಳ್ಳುತ್ತವೆ. ಆಗ ಮಿಕ್ಶ್ಚರ್ ಸ್ಕ್ರೂವನ್ನು ಎತ್ತ ತಿರುಗಿಸಿದರೂ ಇಂಜಿನ್ ಸ್ಪಂದಿಸದು. ಸ್ಪಂದನೆಯೇ ಇಲ್ಲದಿದ್ದರೆ ಮೊದಲು ಬಟರ್‌ಫ್ಲೈಯನ್ನು ನೋಡಿ. ಇಗ್ನಿಷನ್ ಟೈಮಿಂಗ್ ಹಿಂದಿದ್ದರೂ ಇದೇ ಸ್ಥಿತಿ ಬರುತ್ತದೆ. ಟೈಮಿಂಗನ್ನು ತಯಾರಕರ ಸೂಚನೆಗೆ ತಂದರೆ ಇಂಜಿನ್ನಿಗೆ ಬಲ ಬಂದು, ಬಟರ್‌ಫ್ಲೈಯನ್ನು ಮುಚ್ಚಲು ಸಾಧ್ಯವಾಗುತ್ತದೆ.

ನಮ್ಮ ಸಣ್ಣ ಬೈಕುಗಳಲ್ಲಿ ಪಳಗಿದ ಕೈಗಳು ಇಲ್ಲಿ ಇನ್ನೊಂದು ಕಡೆ ಎಡವುತ್ತವೆ. ಅವುಗಳಲ್ಲಿ ಅನೇಕದರ ‘ಏರ್ ಸ್ಕ್ರೂ’ ಗಾಳಿಯನ್ನು ನಿಯಂತ್ರಿಸುತ್ತದೆ. ಬಿಚ್ಚಿದರೆ ಪೆಟ್ರೋಲ್ ಅಂಶ ಕಡಿಮೆಯಾಗುತ್ತದೆ. ಆರ್1 ಮೊದಲಾದ ಬೈಕುಗಳ ಕಾರ್ಬ್ಯುರೇಟರ್‌ನಲ್ಲಿ ಸ್ಕ್ರೂ ಇಂಜಿನ್ ಬದಿಯಲ್ಲಿದ್ದು ಪೆಟ್ರೋಲ್ ಮಿಶ್ರಣವನ್ನೇ ನಿಯಂತ್ರಿಸುತ್ತದೆ. ಬಿಚ್ಚಿದರೆ ಪೆಟ್ರೋಲ್ ಹೆಚ್ಚುತ್ತದೆ. ಎರಡೂವರೆ ಸುತ್ತು ಬಿಚ್ಚಿಟ್ಟು ಆರಂಭಿಸಿ, ಒಂದೊಂದನ್ನೇ ವೇಗ ಗರಿಷ್ಠವಾಗುವ ಜಾಗಕ್ಕೆ ತರಬೇಕು.

ಅದಕ್ಕೂ ಮೊದಲು ನಾಲ್ಕೂ ಬಟರ್‌ಫ್ಲೈಗಳನ್ನು ಸಮಗೊಳಿಸಬೇಕು. ಕಾರಿನ ಸಿಲಿಂಡರುಗಳ ನಡುವಿನ ಅಂತರ ಬೈಕಿಗಿಂತ ಹೆಚ್ಚಾದ್ದರಿಂದ ಕಾರ್ಬ್ಯುರೇಟರ್‌ಗಳನ್ನು ಅಗಲಿಸಿ ಕೂರಿಸುವುದುಂಟು. ಆಗ ಅವುಗಳನ್ನು ಕೂಡಿಸುವ ಕೊಂಡಿಗಳು ಸಡಿಲವಾದರೆ ಇಂದು ಮಾಡಿದ ಸೆಟ್ಟಿಂಗ್ ನಾಳೆ ಉಳಿಯದು. ಮೊದಲು ಎಡದ ಜೋಡಿ, ನಂತರ ಬಲದ ಜೋಡಿ, ಕೊನೆಗೆ ನಡುವಿನ ಸ್ಕ್ರೂವಿನಿಂದ ಎರಡು ಜೋಡಿಗಳನ್ನು ಹೊಂದಿಸುವುದು ಕ್ರಮ. ನಾಲ್ಕು ವ್ಯಾಕ್ಯೂಮ್ ಗೇಜ್‌ಗಳ ಸೆಟ್ ಇಲ್ಲದವರು ಉದ್ದನೆಯ ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಆಕಾರದಲ್ಲಿ ಹಲಗೆಗೆ ಬಿಗಿದು, ಅದರಲ್ಲಿ 2ಟಿ ಆಯಿಲ್ ತುಂಬಿ, ಎರಡೆರಡು ಸಿಲಿಂಡರುಗಳನ್ನು ಹೋಲಿಸಬಹುದು. ಅಪ್ಪಿತಪ್ಪಿ ಎಣ್ಣೆ ಇಂಜಿನ್ನಿಗೆ ಹೋದರೂ ಹೊಗೆ ಬರುವುದಷ್ಟೇ. ಚೋಕ್ ಪಟ್ಟಿಯನ್ನು ತೆಗೆದುಹಾಕಿದ್ದರೆ ನಾಲ್ಕೂ ಚೋಕ್ ಕಡ್ಡಿಗಳು ತಳಮುಟ್ಟಿ ಕುಳಿತಿವೆಯೇ ಎಂದು ನೋಡಲು ಮರೆಯಬಾರದು.

ಪೆಟ್ರೋಲ್ ಒತ್ತಡ

ಬೈಕಿನ ಟ್ಯಾಂಕು ಮೇಲಿರುತ್ತದೆ. ಪೆಟ್ರೋಲ್ ಇಳಿಯುವುದು ಅದರ ತೂಕದಿಂದ ಇಲ್ಲವೇ ಅತಿ ಕಡಿಮೆ ಒತ್ತಡದ ಪಂಪಿನಿಂದ. ಫ್ಲೋಟಿನ ಸೂಜಿ ಚದರ ಅಂಗುಲಕ್ಕೆ 2ರಿಂದ 3 ಪೌಂಡು ಒತ್ತಡವನ್ನಷ್ಟೇ ತಡೆಯಬಲ್ಲದು. ಕಾರಿನ ಪಂಪಿನಿಂದ 4ರಿಂದ 6 ಪೌಂಡು ಬಂದರೆ ಸೂಜಿ ಸೋತು, ಪೆಟ್ರೋಲ್ ಮಟ್ಟ ಏರಿ, ಇಂಜಿನ್ ಬಿಸಿಯಾದಷ್ಟೂ ಐಡ್ಲಿಂಗ್ ಕೆಡುತ್ತದೆ. ಪ್ಲಗ್ಗುಗಳು ಮಸಿ ಹಿಡಿಯುತ್ತವೆ. ಒತ್ತಡ ನಿಯಂತ್ರಕ ಹಾಕುವುದೊಂದೇ ದಾರಿ. ಕಾರ್ಬ್ಯುರೇಟರ್ ಬೈಕಿನಲ್ಲಿದ್ದ ಇಳಿಜಾರಿನಲ್ಲಿಯೇ ಕಾರಿನಲ್ಲಿಯೂ ಕೂರಬೇಕು. ಇಲ್ಲದಿದ್ದರೆ ಫ್ಲೋಟಿನ ಲೆಕ್ಕವೇ ತಪ್ಪುತ್ತದೆ. ಗಿರಾಕಿ ತಂದ ನಕ್ಷೆಯಲ್ಲಿ ಈ ಕೋನ ನಮೂದಾಗಿಲ್ಲದಿದ್ದರೆ ಕೇಳಿ ಪಡೆಯಿರಿ. ಏರ್ ಫಿಲ್ಟರಿನ ತಳತಟ್ಟೆಯು ಕಾರ್ಬ್ಯುರೇಟರಿನ ಬಾಯಲ್ಲಿರುವ ಸಣ್ಣ ಗಾಳಿರಂಧ್ರಗಳನ್ನು ಮುಚ್ಚಿದರೂ ಪೆಟ್ರೋಲ್ ಹೆಚ್ಚಾದ ಇವೇ ಲಕ್ಷಣಗಳು ಕಾಣುತ್ತವೆ.

ಎಥನಾಲ್ ಮತ್ತು ಕೊನೆಗೆ ಜೆಟ್

ಇಪ್ಪತ್ತು ವರ್ಷಗಳ ಹಿಂದಿನ ಬ್ರಿಟಿಷ್ ಅನುಭವದಲ್ಲಿ ಇಲ್ಲದ ಒಂದು ಅಂಶ ಇಂದು ನಮ್ಮಲ್ಲಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬೆಂಗಳೂರಿನಲ್ಲಿಯೇ 2023ರ ಫೆಬ್ರವರಿ 6ರಂದು ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಸಾಮಾನ್ಯವಾಯಿತು. ಶುದ್ಧ ಪೆಟ್ರೋಲಿನ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಸುಮಾರು ಶೇ. 9ರಷ್ಟು ಹೆಚ್ಚು ಇಂಧನ ಕೊಡಬೇಕು. 1998ರ ಪೈಲಟ್ ಜೆಟ್ಟು ಈ ಲೆಕ್ಕದ್ದಲ್ಲ. ಗಾಳಿ ಸೋರಿಕೆ, ಸಮತೋಲನ, ಒತ್ತಡ ಎಲ್ಲವೂ ಸರಿಯಾದ ಮೇಲೆಯೂ ಮಿಕ್ಶ್ಚರ್ ಸ್ಕ್ರೂವನ್ನು ಮೂರೂವರೆ ಸುತ್ತಿಗಿಂತ ಹೆಚ್ಚು ಬಿಚ್ಚಬೇಕಾಗಿ ಬಂದರೆ, ಆಗ ಮಾತ್ರ ಪೈಲಟ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡುವುದು ನ್ಯಾಯ. ಹಳೆಯ ಓ-ರಿಂಗ್‌ಗಳು ಎಥನಾಲ್‌ಗೆ ಉಬ್ಬುವುದರಿಂದ ವೈಟಾನ್ ರಬ್ಬರಿನವನ್ನೇ ಕೇಳಿ ತರಿಸಬೇಕು. ಬೆಲೆ ಹೆಚ್ಚು, ಆದರೆ ಕೆಲಸ ಹಿಂತಿರುಗಿ ಬಾರದು.

ಅಂತಿಮ ಪರೀಕ್ಷೆಗೆ ಹತ್ತಿರದ ಹೊಗೆ ತಪಾಸಣಾ ಕೇಂದ್ರದ ಯಂತ್ರವೇ ಸಾಕಾಗುತ್ತದೆ. ಇಂಥ ಇಂಜಿನ್ನು ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡನ್ನು ಶೇ. 2ರಿಂದ 3ರಷ್ಟು ತೋರಿಸಿದರೆ ಸೆಟ್ಟಿಂಗ್ ಸರಿಯಿದೆ. ಅದು ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ವಿಪರೀತವಾಗಿದ್ದರೆ ಯಾವುದೋ ಒಂದು ಸಿಲಿಂಡರು ಇನ್ನೂ ಗಾಳಿ ಎಳೆಯುತ್ತ ಮಿಸ್ಸಿಂಗ್ ಆಗುತ್ತಿರುವ ಸಂಭವವೇ ಹೆಚ್ಚು. ಉಳಿದ ಮೂರಕ್ಕಿಂತ ತಣ್ಣಗಿರುವ ಸೈಲೆನ್ಸರ್ ಕವಲು ಯಾವುದೆಂದು ಇನ್ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ, ಆ ಸಿಲಿಂಡರಿನ ಫ್ಲಾಂಜು ಮತ್ತು ರಬ್ಬರ್ ತೋಳಿನಿಂದಲೇ ಮತ್ತೆ ಹುಡುಕಾಟ ಆರಂಭಿಸಬೇಕು.