ದೋಣಿ ಎಳೆದ ದಾರಿಯಲ್ಲಿ ಬೈಸಿಕಲ್ಲು

ದಾರಿ ಯಾರದು ಎಂಬ ಪ್ರಶ್ನೆ ದಾರಿಯಷ್ಟೇ ಹಳೆಯದು. ನಡೆಯುವವನದೋ, ಗಾಡಿಯವನದೋ, ಅಥವಾ ಎಲ್ಲರಿಗಿಂತ ವೇಗವಾಗಿ ಸಾಗಬಲ್ಲವನದೋ? ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಫ್ರಾನ್ಸಿನ ಹಳ್ಳಿಗಾಡಿನ ರಸ್ತೆಗಳಲ್ಲಿ ಬೈಸಿಕಲ್ಲಿನಷ್ಟು ಚುರುಕಾದ ವಾಹನ ಬೇರೊಂದಿರಲಿಲ್ಲ. ಸೇಂತ್-ಎತಿಯೆನ್ ನಗರದ ಪೋಲ್ ದ ವಿವೀ ಎಂಬಾತ ‘ವೆಲೋಸಿಯೋ’ ಎಂಬ ಕಾವ್ಯನಾಮದಿಂದ ಬರೆಯುತ್ತ, ಬೈಸಿಕಲ್ಲನ್ನು ಪಂದ್ಯದ ಯಂತ್ರವೆಂದು ಎಣಿಸದೆ ನಾಡನ್ನು ನೋಡುವ ಸಾಧನವೆಂದು ಬಗೆಯಬೇಕೆಂದು ಜೀವನವಿಡೀ ಬೋಧಿಸಿದ. ಫ್ರೆಂಚರು ಇಂದಿಗೂ ಅವನನ್ನು ಸೈಕಲ್ ಪ್ರವಾಸದ ಗುರುವೆಂದೇ ನೆನೆಯುತ್ತಾರೆ. ಆ ಗುರು 1930ರಲ್ಲಿ ತನ್ನ ಊರಿನ ಬೀದಿಯಲ್ಲಿಯೇ ಟ್ರಾಮಿನ ಹೊಡೆತಕ್ಕೆ ಸಿಕ್ಕಿ ತೀರಿಕೊಂಡ. ಅಷ್ಟು ಹೊತ್ತಿಗೆ ದಾರಿ ಸೈಕಲ್ಲಿನವನ ಕೈಬಿಟ್ಟಿತ್ತು; ಮೋಟಾರಿನ ಯುಗ ಬಂದಿತ್ತು.

ಕಳೆದುಹೋದ ಆ ದಾರಿಯನ್ನು ಫ್ರಾನ್ಸು ಮತ್ತೆ ಎಲ್ಲಿಂದ ಹುಡುಕಿ ತಂದಿತು ಎಂಬುದೇ ಈ ಭಾಷಣದ ವಿಷಯ. ಅದಕ್ಕೆ ಉದಾಹರಣೆಯಾಗಿ ಆ ದೇಶದ ವಾಯವ್ಯ ಭಾಗದ ಮಯೆನ್ ಎಂಬ ನದಿಯ ಕಣಿವೆಯನ್ನು ಆರಿಸಿಕೊಳ್ಳೋಣ. ಇದು ಲ್ವಾರ್ ನದಿಯಂತೆ ಅರಮನೆಗಳಿಂದ ಲೋಕಪ್ರಸಿದ್ಧವಾದುದಲ್ಲ. ಪಶ್ಚಿಮ ಫ್ರಾನ್ಸಿನ ಅತ್ಯುನ್ನತ ಸ್ಥಾನವೆನಿಸಿದ, ಆದರೂ 416 ಮೀಟರನ್ನು ಮೀರದ, ಅವಾಲ್ವಾರ್ ಗುಡ್ಡದ ಆಸುಪಾಸಿನಲ್ಲಿ ಹುಟ್ಟಿ, ಮೊದಲು ಪಡುವಣಕ್ಕೂ ಆಮೇಲೆ ತೆಂಕಣಕ್ಕೂ ಹರಿದು, ಮಯೆನ್, ಲಾವಾಲ್, ಶಾತೋ-ಗೋಂತಿಯೇ ಎಂಬ ಪಟ್ಟಣಗಳನ್ನು ಹಾದು, ಆಂಜೇ ನಗರದ ಬಳಿ ಸಾರ್ತ್ ನದಿಯನ್ನು ಕೂಡುತ್ತದೆ. ಎರಡೂ ಸೇರಿ ಮೆನ್ ಎಂಬ ಹೆಸರು ತಾಳಿ, ಸ್ವಲ್ಪ ದೂರದಲ್ಲಿಯೇ ಲ್ವಾರ್ ನದಿಯಲ್ಲಿ ಲೀನವಾಗುತ್ತವೆ. ದಡದ ಎರಡು ಕಡೆಗೂ ಬೇಲಿಗಳಿಂದ ಸುತ್ತುವರಿದ ಚಿಕ್ಕ ಚಿಕ್ಕ ಹುಲ್ಲುಗಾವಲು, ಸೇಬಿನ ತೋಟ, ಹಾಲಿನ ದನಗಳು. ಬೇಸಾಯದ ನಾಡು, ಅವಸರವಿಲ್ಲದ ನದಿ.

ಈ ನದಿಯನ್ನು ಸಂಚಾರಕ್ಕೆ ಒಗ್ಗಿಸುವ ಯತ್ನ ಹದಿನಾರನೆಯ ಶತಮಾನದಷ್ಟು ಹಿಂದೆಯೇ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಪೂರ್ಣಗೊಂಡಿತು. ಅಲ್ಲಲ್ಲಿ ಅಡ್ಡಲಾಗಿ ಒಡ್ಡುಗಳನ್ನು ಕಟ್ಟಿ ನೀರನ್ನು ಆಳವಾಗಿ ನಿಲ್ಲಿಸಿದರು. ಹಾಗಾದಾಗ ನದಿ ಇಳಿಜಾರಿನ ಪ್ರವಾಹವಾಗಿ ಉಳಿಯದೆ ಮೆಟ್ಟಿಲುಗಳ ಸಾಲಾಗುತ್ತದೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದೋಣಿ ಇಳಿಯಬೇಕಾದರೆ ಒಡ್ಡಿನ ಪಕ್ಕದಲ್ಲಿ ಎರಡು ಬಾಗಿಲುಗಳುಳ್ಳ ಕಲ್ಲಿನ ಕೋಣೆ ಬೇಕು. ಇದೇ ಲಾಕ್. ದೋಣಿ ಕೋಣೆಯನ್ನು ಹೊಕ್ಕ ಮೇಲೆ ಹಿಂದಿನ ಬಾಗಿಲನ್ನು ಮುಚ್ಚಿ, ಒಳಗಿನ ನೀರನ್ನು ಕೆಳಗಿನ ಮಟ್ಟಕ್ಕೆ ಇಳಿಯಬಿಟ್ಟು, ಮುಂದಿನ ಬಾಗಿಲನ್ನು ತೆರೆಯುತ್ತಾರೆ. ಮಯೆನ್ ಪಟ್ಟಣದಿಂದ ಆಂಜೇವರೆಗೆ ಇಂಥ ಲಾಕುಗಳು ನಲವತ್ತಕ್ಕೂ ಹೆಚ್ಚು. ಪ್ರತಿಯೊಂದರ ಬಳಿಯಲ್ಲಿಯೂ ಅದರ ಕಾವಲಿನವನಿಗೆಂದು ಒಂದು ಪುಟ್ಟ ಮನೆ.

ನೀರು ನಿಂತರೆ ದೋಣಿ ತಾನಾಗಿ ಚಲಿಸದು, ಅದನ್ನು ಎಳೆಯಬೇಕು. ಉಗಿ ಮತ್ತು ಎಣ್ಣೆಯ ಎಂಜಿನುಗಳು ಬರುವ ಮುಂಚೆ ಕುದುರೆಗಳೋ ಮನುಷ್ಯರೋ ದಡದ ಮೇಲೆ ನಡೆಯುತ್ತ ಹಗ್ಗದಿಂದ ದೋಣಿಯನ್ನು ಎಳೆಯುತ್ತಿದ್ದರು. ಎಳೆಯುವ ಹಗ್ಗಕ್ಕೆ ಮರ ಅಡ್ಡ ಬರಬಾರದು, ಬೇಲಿ ಅಡ್ಡ ಬರಬಾರದು. ಆದ್ದರಿಂದ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, ಅವನ ಮಂತ್ರಿ ಕೋಲ್ಬೇರನ ಮೇಲ್ವಿಚಾರಣೆಯಲ್ಲಿ, 1669ರಲ್ಲಿ ಹೊರಟ ನೀರು ಮತ್ತು ಅರಣ್ಯಗಳ ಶಾಸನವು ಒಂದು ನಿಯಮ ಮಾಡಿತು. ಸಂಚಾರಯೋಗ್ಯವಾದ ನದಿಗಳ ದಡದ ಜಮೀನಿನವರು ದೋಣಿ ಎಳೆಯುವ ಕಡೆಯಲ್ಲಿ 24 ಅಡಿ ಅಗಲದ ದಾರಿಯನ್ನು ಬಿಡತಕ್ಕದ್ದು. ಆ ಕಡೆ 30 ಅಡಿಗಿಂತ ಹತ್ತಿರದಲ್ಲಿ ಮರ ನೆಡಕೂಡದು, ಬೇಲಿ ಹಾಕಕೂಡದು. ಎದುರು ದಡದಲ್ಲಿ 10 ಅಡಿ ಬಿಟ್ಟರೆ ಸಾಕು. ಅಂದಿನ ಫ್ರೆಂಚ್ ಅಡಿಯನ್ನು ಮೀಟರಿಗೆ ಇಳಿಸಿದರೆ ಇವು 7.80, 9.75 ಮತ್ತು 3.25 ಮೀಟರುಗಳಾಗುತ್ತವೆ. ಸೋಜಿಗದ ಸಂಗತಿಯೆಂದರೆ, ರಾಜಪ್ರಭುತ್ವ ಅಳಿದು ಗಣರಾಜ್ಯಗಳು ಒಂದರ ಮೇಲೊಂದು ಬಂದರೂ ಇವೇ ಅಂಕಿಗಳು ಫ್ರಾನ್ಸಿನ ಕಾನೂನಿನಲ್ಲಿ ಇಂದಿಗೂ ಉಳಿದಿವೆ. ಕುದುರೆಗಳಿಗಾಗಿ ಬಿಟ್ಟ ಅಗಲ, ಕುದುರೆಗಳು ಹೋದ ಮೇಲೆಯೂ ಹಾಗೆಯೇ ಉಳಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಸರಕು ಸಾಗಿಸುವ ದೋಣಿಗಳು ರೈಲಿಗೂ ಲಾರಿಗೂ ಸೋತು ಮಯೆನ್ ನದಿಯಿಂದ ಮರೆಯಾದವು. ರೈಲಿಗೂ ಜಯ ಶಾಶ್ವತವಾಗಲಿಲ್ಲ; ಹಳ್ಳಿಗಾಡಿನ ಕಿರುಮಾರ್ಗಗಳು ಒಂದೊಂದಾಗಿ ಮುಚ್ಚಿಹೋದವು. ಹೀಗೆ ಎರಡು ಬಗೆಯ ದಾರಿಗಳು ಅನಾಥವಾಗಿ ಬಿದ್ದವು: ನದಿಯ ದಡದ ದಾರಿ, ಹಳಿ ಕಿತ್ತ ರೈಲು ದಾರಿ. ಎರಡಕ್ಕೂ ಸಮಾನವಾದ ಗುಣವೊಂದಿದೆ. ಭಾರವನ್ನು ಎಳೆಯುವುದಕ್ಕಾಗಿ ಹುಟ್ಟಿದವುಗಳಾದ್ದರಿಂದ ಎರಡೂ ಕಡಿದಾದ ಏರನ್ನು ಸಹಿಸುವುದಿಲ್ಲ. ಸ್ವಂತ ಕಾಲ ಬಲದಿಂದಲೇ ತನ್ನನ್ನೂ ತನ್ನ ಗಂಟುಮೂಟೆಯನ್ನೂ ಸಾಗಿಸಬೇಕಾದ ಸೈಕಲ್ ಪ್ರವಾಸಿಗೆ ಇದಕ್ಕಿಂತ ಹೆಚ್ಚಿನ ಉಪಕಾರವೇನಿದೆ? ನದಿಯ ದಡದಲ್ಲಿ ಸಾಗುವವನಿಗೆ ಪ್ರತಿ ಲಾಕಿನ ಬಳಿ ಒಂದು ಪುಟ್ಟ ಏರೋ ಇಳಿತವೋ ಎದುರಾಗುತ್ತದೆ, ಅಷ್ಟೆ.

ಬೂರ್ಗೋನ್ ಪ್ರಾಂತದಲ್ಲಿ ಜೀವ್ರೀ ಮತ್ತು ಕ್ಲೂನೀ ಊರುಗಳ ನಡುವಣ ಹಳೆಯ ರೈಲು ಮಾರ್ಗವನ್ನು 1997ರಲ್ಲಿ ಸೈಕಲ್ಲಿನವರಿಗೂ ನಡೆಯುವವರಿಗೂ ತೆರೆದರು. ಫ್ರಾನ್ಸಿನ ಮೊದಲ ‘ವುವಾ ವೆರ್ತ್’, ಎಂದರೆ ಹಸುರು ಹಾದಿ, ಇದೇ. 2004ರಲ್ಲಿ ಈ ಹೆಸರು ಅಲ್ಲಿನ ರಸ್ತೆ ನಿಯಮಾವಳಿಯನ್ನು ಸೇರಿತು: ಮೋಟಾರಿಲ್ಲದ ವಾಹನಗಳಿಗೆ, ಕಾಲುನಡಿಗೆಯವರಿಗೆ, ಕುದುರೆ ಸವಾರರಿಗೆ ಮಾತ್ರ ಮೀಸಲಾದ ಮಾರ್ಗ ಎಂಬುದು ಅದರ ಅರ್ಥ. ಮಯೆನ್ ಕಣಿವೆಯಲ್ಲಿ ಮಯೆನ್ ಪಟ್ಟಣದಿಂದ ತೆಂಕಣಕ್ಕೆ ಸುಮಾರು 85 ಕಿಲೋಮೀಟರು ದೂರ ದೋಣಿ ಎಳೆಯುವ ದಾರಿ ಇಂಥ ಹಾದಿಯಾಗಿದೆ. ಅದೇ ಪಟ್ಟಣದಿಂದ ಬಡಗಣಕ್ಕೆ ದೋಂಫ್ರೋಂವರೆಗೆ ಹಳೆಯ ರೈಲು ಮಾರ್ಗವೇ ಹಾದಿ. ಇವೆರಡನ್ನೂ ಒಳಗೊಂಡು, ನಾರ್ಮಂಡಿಯ ಕಡಲ ತೀರದ ವಿಸ್ತ್ರೆಯಾಂ ಊರಿನಿಂದ ಅಟ್ಲಾಂಟಿಕ್ ತೀರದ ಲಾ ರೋಶೆಲ್‌ವರೆಗೆ 600 ಕಿಲೋಮೀಟರಿಗೂ ಉದ್ದವಾದ ‘ವೆಲೋ ಫ್ರಾಂಸೆತ್’ ಎಂಬ ಪ್ರವಾಸಮಾರ್ಗ 2015ರಲ್ಲಿ ಉದ್ಘಾಟನೆಯಾಯಿತು. ಇದರ ಎಲ್ಲ ಭಾಗವೂ ವಾಹನರಹಿತವಲ್ಲ; ಅಲ್ಲಲ್ಲಿ ಹಳ್ಳಿಯ ಸಣ್ಣ ರಸ್ತೆಗಳನ್ನು ಬಳಸಬೇಕಾಗುತ್ತದೆ. ಮಯೆನ್ ನದಿಯ ದಡ ಮಾತ್ರ ಬಹುದೂರ ಅಖಂಡವಾಗಿ ದೊರೆಯುತ್ತದೆಂಬುದೇ ಅದರ ಹಿರಿಮೆ.

ಆದರೆ ಹಳೆಯ ಹಕ್ಕು ಹೊಸ ಬಳಕೆಗೆ ಸಲೀಸಾಗಿ ಒದಗಲಿಲ್ಲ ಎಂಬುದನ್ನು ಮರೆಯಬಾರದು. ಹಗ್ಗಕ್ಕೆಂದು ಬಿಟ್ಟ ದಡ ಹಲವೆಡೆ ಖಾಸಗಿಯವರ ನೆಲ. ಬಿಟ್ಟುಕೊಟ್ಟದ್ದು ಸಂಚಾರದ ಹಕ್ಕನ್ನು ಮಾತ್ರ, ಒಡೆತನವನ್ನಲ್ಲ. ದೋಣಿಗಳು ಮರೆಯಾದ ಮೇಲೆ ಕಾನೂನು ಆ ದಡವನ್ನು ಗಾಳ ಹಾಕುವವರಿಗೂ ಕಾಲುನಡಿಗೆಯವರಿಗೂ ತೆರೆಯಿತೇ ಹೊರತು, ಬೈಸಿಕಲ್ಲಿನವನ ಹೆಸರನ್ನು ಹೇಳಲಿಲ್ಲ. ಅವನಿಗೆ ನದಿಯ ಆಡಳಿತ ಬೇರೆಯಾಗಿ ಒಪ್ಪಿಗೆ ಕೊಡಬೇಕು, ಜಮೀನಿನವರೊಡನೆ ಒಡಂಬಡಿಕೆಯಾಗಬೇಕು. ದಾರಿ ತೆರೆದ ಮೇಲೆಯೂ ಮೌನವಾಗಿ ಗಾಳದ ಕೋಲು ಹಿಡಿದು ಕುಳಿತವನಿಗೂ ಬೆನ್ನ ಹಿಂದಿನಿಂದ ಸರ್ರನೆ ಬರುವ ಸೈಕಲ್ಲಿಗೂ ಹೊಂದಿಕೆ ಬೇಕು. ಮೋಟಾರನ್ನು ಹೊರಗಿಟ್ಟ ಮಾತ್ರಕ್ಕೆ ಬಲ್ಲಿದ ದುರ್ಬಲರೆಂಬ ಭೇದ ಅಳಿಯದು. ಇಲ್ಲಿ ಸೈಕಲ್ಲಿನವನೇ ಬಲ್ಲಿದ. ತನಗೆ ಹೆದ್ದಾರಿಯಲ್ಲಿ ಯಾವ ಮರ್ಯಾದೆ ದೊರೆಯಲಿಲ್ಲವೋ ಅದನ್ನು ಅವನು ಇಲ್ಲಿ ನಡೆಯುವವನಿಗೆ ಸಲ್ಲಿಸಬೇಕು. ಇನ್ನು ಹಾದಿಯ ಮೈ ದಮ್ಮಸು ಮಾಡಿದ ಮರಳು. ಮಳೆಗಾಲದಲ್ಲಿ ಕೆಸರು, ಪ್ರವಾಹ ಬಂದರೆ ಮುಳುಗಡೆ. ಪ್ರತಿ ವರ್ಷವೂ ಅದನ್ನು ಸರಿಪಡಿಸುವ ವೆಚ್ಚ ಸ್ಥಳೀಯ ಆಡಳಿತದ ಹೊಣೆ.

ಸಾಹಿತ್ಯಪ್ರಿಯರಾದ ಕೇಳುಗರಿಗೆ ಈ ಕಣಿವೆಯ ಲಾವಾಲ್ ಪಟ್ಟಣ ವಿಶೇಷವಾಗಿ ರುಚಿಸಬಹುದು. ಹಿಂದೆ ನಾರುಬಟ್ಟೆಗೆ ಹೆಸರಾದ ಊರು ಇದು. ನದಿಯಲ್ಲಿ ತೇಲುವ ಅಗಸರ ದೋಣಿಗಳಲ್ಲಿ ಇಲ್ಲಿನ ಬಟ್ಟೆ ಒಗೆಯುತ್ತಿದ್ದರು. ಕಾಡನ್ನೇ ಕಾಣದೆ ಕಾಡಿನ ಅದ್ಭುತ ಚಿತ್ರಗಳನ್ನು ಬರೆದ ಆಂರಿ ರೂಸೋ ಇಲ್ಲಿ 1844ರಲ್ಲಿ ಹುಟ್ಟಿದ. ‘ರಾಜ ಯೂಬ್ಯು’ ನಾಟಕದಿಂದ ಪ್ಯಾರಿಸ್ಸನ್ನು ಬೆಚ್ಚಿಬೀಳಿಸಿದ ಆಲ್ಫ್ರೆದ್ ಜಾರಿ 1873ರಲ್ಲಿ. ಈ ಜಾರಿ ಬೈಸಿಕಲ್ಲಿನ ಹುಚ್ಚ. 1896ರಲ್ಲಿ ಇದೇ ಊರಿನಲ್ಲಿ ಸಾಲವಾಗಿ ಕೊಂಡ ಬೆಲೆಬಾಳುವ ಸೈಕಲ್ಲಿನ ಹಣವನ್ನು ಅವನು ಸಾಯುವತನಕ ತೀರಿಸಲಿಲ್ಲ. 1902ರಲ್ಲಿ ಪ್ರಕಟವಾದ ‘ಅತಿಪುರುಷ’ ಎಂಬ ಕಾದಂಬರಿಯಲ್ಲಿ ಅವನು ಐವರು ತುಳಿಯುವ ಒಂದು ಸೈಕಲ್ಲನ್ನು ರೈಲಿನೊಡನೆ ಹತ್ತು ಸಾವಿರ ಮೈಲಿಯ ಪಂದ್ಯಕ್ಕೆ ಬಿಟ್ಟ. ಸವಾರರಲ್ಲಿ ಒಬ್ಬ ನಡುದಾರಿಯಲ್ಲಿ ಸತ್ತರೂ ಅವನ ಕಾಲುಗಳು ತುಳಿಯುವುದನ್ನು ಬಿಡುವುದಿಲ್ಲ. ಮನುಷ್ಯ ಯಂತ್ರದ ವೇಗವನ್ನು ಅಟ್ಟಿಸಿಕೊಂಡು ಹೋದರೆ ತಾನೇ ಯಂತ್ರವಾಗುತ್ತಾನೆಂಬ ಕ್ರೂರ ಹಾಸ್ಯ ಅದು. ಇಂದು ಅವನ ನಾಡಿನಲ್ಲಿ ರೈಲು ಬಿಟ್ಟುಹೋದ ದಾರಿಯ ಮೇಲೆ ಬೈಸಿಕಲ್ಲು ಯಾವ ಪಂದ್ಯವೂ ಇಲ್ಲದೆ ಸಾಗುತ್ತಿದೆ.

ಲಾವಾಲ್‌ನಿಂದ ತುಸು ಕೆಳಗೆ ಆಂತ್ರಾಮ್ ಗ್ರಾಮದ ಬಳಿ, ನದಿಯ ದಡದಲ್ಲಿಯೇ ಪೋರ್ ದ್ಯು ಸಾಲ್ಯು ಮಠವಿದೆ. ಕ್ರಾಂತಿಯ ಕಾಲದಲ್ಲಿ ದೇಶ ತೊರೆದಿದ್ದ ಸಂನ್ಯಾಸಿಗಳು 1815ರಲ್ಲಿ ಹಿಂದಿರುಗಿ ಸ್ಥಾಪಿಸಿದ್ದು. ಅವರು ತಯಾರಿಸಿದ ಗಿಣ್ಣು ಮಠದ ಹೆಸರಿನಿಂದಲೇ ಲೋಕವೆಲ್ಲ ಸುತ್ತಿತು. ಮುಂದೆ ಶಾತೋ-ಗೋಂತಿಯೇ, ಅದರಾಚೆ ಒಡ್ಡಿನ ಮಗ್ಗುಲಲ್ಲಿ ಹಿಟ್ಟಿನ ಗಿರಣಿಗಳು, ನೀರಿನ ಮೇಲೆ ಬಾಗಿದ ಮರಗಳು, ನೀಲಿ ಗೆರೆ ಎಳೆದಂತೆ ಹಾರಿಹೋಗುವ ಮಿಂಚುಳ್ಳಿ.

ದಾರಿ ಹೋದರೆ ಊರೂ ಹೋಗುತ್ತದೆ ಎಂಬುದು ಗ್ರಾಮಾಂತರ ಫ್ರಾನ್ಸು ಕಂಡುಂಡ ಸತ್ಯ. ಮೊದಲು ದೋಣಿ, ಬಳಿಕ ರೈಲು, ಅನಂತರ ಊರ ಅಂಗಡಿ, ಕೊನೆಗೆ ಶಾಲೆ. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರು ಸಾಗುವ ಸೈಕಲ್ ಪ್ರವಾಸಿ ಕಾರಿನವನಂತೆ ಹಳ್ಳಿಯನ್ನು ಹಾರಿಹೋಗಲಾರ. ಅವನಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಸಂಜೆಗೆ ಹಾಸಿಗೆ ಬೇಕಾಗುತ್ತದೆ. ಹಾದಿಯಿಂದ 5 ಕಿಲೋಮೀಟರಿನೊಳಗಿದ್ದು, ಸೈಕಲ್ಲಿಗೆ ಭದ್ರವಾದ ನೆಲೆಯನ್ನೂ ರಿಪೇರಿಯ ಸಲಕರಣೆಯನ್ನೂ ಒದಗಿಸುವ ವಸತಿಗಳಿಗೆ ಅಲ್ಲಿ ಒಂದು ರಾಷ್ಟ್ರೀಯ ಗುರುತುಪತ್ರವೇ ಇದೆ. ಲಾಕಿನ ಕಾವಲಿನವರ ಮನೆಗಳಲ್ಲಿ ಕೆಲವು ಇಂದು ಕಾಫಿಯ ಅಂಗಡಿಗಳು, ತಂಗುದಾಣಗಳು. ಇದರಿಂದಲೇ ಹಳ್ಳಿಗಳೆಲ್ಲ ಉದ್ಧಾರವಾದವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಮುಚ್ಚಿದ್ದ ಕೆಲವು ಕಿಟಕಿಗಳು ತೆರೆದಿವೆ.

ಮೂರೂವರೆ ಶತಮಾನಗಳ ಹಿಂದೆ ಆ ಶಾಸನವನ್ನು ಬರೆದವರು ಬೈಸಿಕಲ್ಲನ್ನು ಕನಸಿನಲ್ಲಿಯೂ ಕಂಡವರಲ್ಲ. ಅವರು ನೋಡಿಕೊಂಡದ್ದು ಇಷ್ಟೇ: ನೀರಿನ ಪಕ್ಕದ ನೆಲ ಪೂರ್ತಿಯಾಗಿ ಯಾರೊಬ್ಬರದೂ ಆಗಬಾರದು. ಬಳಕೆ ಬದಲಾಯಿತು, ಬಳಸುವವರು ಬದಲಾದರು. ಎಲ್ಲರಿಗೆಂದು ಒಮ್ಮೆ ಬಿಟ್ಟ 24 ಅಡಿ ನೆಲ ಮಾತ್ರ ಉಳಿದುಕೊಂಡಿತು. ಅದನ್ನು ಅಂದು ಬಿಡದೆ ಇದ್ದಿದ್ದರೆ, ಇಂದು ಎಷ್ಟು ಹಣ ಸುರಿದರೂ ಕೊಳ್ಳುವುದು ಸಾಧ್ಯವಿರಲಿಲ್ಲ.