ಪರಂಪರೆ ಸಮಿತಿ: ಗೌರವವಿದೆ, ಅಧಿಕಾರವಿಲ್ಲ

2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ಬಳಿಕ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ದ್ವಾರ ಉರುಳಿತು. ಆಗ ಅಲ್ಲಿ ನಡೆಯುತ್ತಿದ್ದುದು ದುರಸ್ತಿ ಕಾಮಗಾರಿ! ಎರಡೂ ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕಗಳ ಕಟ್ಟಡಗಳು. ಎರಡರ ಉಸ್ತುವಾರಿಯೂ ನಗರಪಾಲಿಕೆಯದು.

ಕೆಡವಿ ಕಟ್ಟಬೇಕೆಂದು ಪಾಲಿಕೆ, ಉಳಿಸಿ ಬಲಪಡಿಸಬಹುದೆಂದು ಪರಂಪರೆಯ ತಜ್ಞರು. ಈ ಜಗ್ಗಾಟದಲ್ಲಿ ವರ್ಷಗಳೇ ಉರುಳಿದವು. 2023ರಲ್ಲಿ ನೆಲಸಮದ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳನ್ನು ಹೈಕೋರ್ಟ್ ವಜಾ ಮಾಡಿತು. ಹೂವು, ವೀಳ್ಯದೆಲೆ, ರಸಬಾಳೆಯ ವ್ಯಾಪಾರಿಗಳು ಅಷ್ಟೂ ಕಾಲ ಬಿರುಕುಬಿಟ್ಟ ಗೋಡೆಗಳ ಕೆಳಗೇ ಅಂಗಡಿ ತೆರೆದು ಕುಳಿತಿದ್ದರು. ನಾಲ್ಕು ಜೀವ ಹೋದಮೇಲೆ ಕಟ್ಟಡದ ಭದ್ರತೆಯ ಪ್ರಶ್ನೆಯನ್ನು ಪರಂಪರೆಪ್ರಿಯರ ಭಾವುಕತೆಯ ಎದುರು ಹಗುರವಾಗಿ ಕಾಣುವಂತಿಲ್ಲ. ಆದರೆ ನಿತ್ಯದ ನಿರ್ವಹಣೆಯನ್ನು ದಶಕಗಳ ಕಾಲ ಮರೆತು, ಕೊನೆಗೆ ಶಿಥಿಲವಾಗಿದೆ ಎಂದು ಷರಾ ಬರೆಯುವ ಪದ್ಧತಿಯನ್ನೂ ಒಪ್ಪಲಾಗದು.

ಇಂಥ ಪ್ರಶ್ನೆಗಳಿಗಾಗಿಯೇ ಪರಂಪರೆ ಸಮಿತಿಗಳಿವೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆ, ಇಲಾಖೆಗಳ ಅಧಿಕಾರಿಗಳು, ಜೊತೆಗೆ ಇತಿಹಾಸಕಾರರು, ವಾಸ್ತುಶಿಲ್ಪಿಗಳು, ನಿವೃತ್ತ ಪ್ರಾಧ್ಯಾಪಕರು. ಈ ಹೊರಗಿನ ಸದಸ್ಯರದು ಗೌರವ ಸೇವೆ. ಸಂಬಳಕ್ಕೆ ಯಾರೂ ಬಂದವರಲ್ಲ, ಊರಿನ ಮೇಲಿನ ಅಕ್ಕರೆಗೆ ಬಂದವರು. ಸಭೆ ಕರೆಯುವುದು ಮಾತ್ರ ಅಧಿಕಾರಿಗಳ ಕೈಯಲ್ಲಿದೆ. ಸಭೆಯ ನಂತರ ಕೊಟ್ಟ ಸಲಹೆ ಕಡತ ಸೇರುತ್ತದೆ. ಮೈಸೂರಿನ ಪರಂಪರೆ ಕಟ್ಟಡಗಳ ಪಟ್ಟಿಯಲ್ಲಿ ಇನ್ನೂರರಷ್ಟು ಹೆಸರುಗಳಿವೆ. ಪಟ್ಟಿಯಲ್ಲಿ ಇರುವುದು ಬೇರೆ, 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತವಾಗುವುದು ಬೇರೆ ಎಂಬುದು ಎಷ್ಟೋ ಮಂದಿಗೆ ತಿಳಿಯುವುದು ಜೆಸಿಬಿ ಬಂದು ನಿಂತಾಗಲೇ.

ಬೆಂಗಳೂರಿನ ಕಥೆಯೂ ಭಿನ್ನವಲ್ಲ. ಎಪ್ಪತ್ತರ ದಶಕದಲ್ಲಿ ಹುಟ್ಟಿದ ಬೆಂಗಳೂರು ನಗರ ಕಲಾ ಆಯೋಗ ಸಲಹೆಯನ್ನಷ್ಟೇ ನೀಡಬಲ್ಲ ಸಂಸ್ಥೆಯಾಗಿತ್ತು. 2001ರಲ್ಲಿ ಸರ್ಕಾರ ಅದನ್ನು ಮುಚ್ಚಿತು. ದೆಹಲಿಯ ನಗರ ಕಲಾ ಆಯೋಗಕ್ಕೆ ಸಂಸತ್ತಿನ 1973ರ ಕಾಯ್ದೆಯ ಬೆನ್ನೆಲುಬಿದೆ, ಅದು ಉಳಿದುಕೊಂಡಿದೆ. ಎಂಬತ್ತರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವಲು ಸರ್ಕಾರ ಹೊರಟಾಗ ನಾಗರಿಕರು ದನಿ ಎತ್ತಿದರು, ನ್ಯಾಯಾಲಯದ ಮೆಟ್ಟಿಲೇರಿದರು. ಕೆಂಪು ಬಣ್ಣದ ಆ ಕಟ್ಟಡ ಇಂದಿಗೂ ನಿಂತಿದೆ. ಹೈಕೋರ್ಟಿನ ಕಲಾಪ ನಡೆಯುವುದು ಅಲ್ಲಿಯೇ!

ಹೊರಗಿನ ಒಂದು ಉದಾಹರಣೆ ನೋಡಬಹುದು. ನ್ಯೂಯಾರ್ಕ್‌ನಲ್ಲಿ 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ತೊಡಗಿದಾಗ ಜನ ಕಂಗಾಲಾದರು. 1965ರಲ್ಲಿ ಅಲ್ಲಿ ಸ್ಮಾರಕ ಸಂರಕ್ಷಣಾ ಕಾನೂನು ಬಂತು. ಆಯೋಗದಲ್ಲಿ ಹನ್ನೊಂದು ಸದಸ್ಯರು. ಅಧ್ಯಕ್ಷರನ್ನುಳಿದು ಬೇರೆಯವರಿಗೆ ಸಂಬಳವಿಲ್ಲ. ಅವರೂ ನಮ್ಮವರಂತೆ ಗೌರವ ಸದಸ್ಯರೇ. ಆದರೆ ಕನಿಷ್ಠ ಮೂವರು ವಾಸ್ತುಶಿಲ್ಪಿಗಳು, ಒಬ್ಬ ಇತಿಹಾಸಕಾರ, ರಿಯಲ್ ಎಸ್ಟೇಟ್ ಬಲ್ಲ ಒಬ್ಬರು, ನಗರದ ಐದೂ ವಿಭಾಗಗಳ ನಿವಾಸಿಗಳು ಇರಲೇಬೇಕೆಂದು ಕಾನೂನೇ ಹೇಳುತ್ತದೆ. ಅವಧಿ ಮೂರು ವರ್ಷ. ಕಟ್ಟಡವನ್ನು ಸ್ಮಾರಕವೆಂದು ಘೋಷಿಸುವ ಮುನ್ನ ಬಹಿರಂಗ ವಿಚಾರಣೆ ನಡೆಯಬೇಕು. ಘೋಷಣೆಯಾದ ಬಳಿಕ ಮಾಲೀಕ ಎಷ್ಟೇ ಬಲಿಷ್ಠನಿರಲಿ, ಆಯೋಗದ ಅನುಮತಿಯಿಲ್ಲದೆ ಹೊರರೂಪ ಬದಲಿಸುವಂತಿಲ್ಲ. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗಗನಚುಂಬಿ ಕಟ್ಟಲು ಹೊರಟ ರೈಲ್ವೆ ಕಂಪನಿಯ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ ತಳ್ಳಿಹಾಕಿತು. ಹಾಗೆಂದು ಆಯೋಗವೇ ಸರ್ವಾಧಿಕಾರಿಯಲ್ಲ. ಚುನಾಯಿತ ನಗರಸಭೆ ಅದರ ಘೋಷಣೆಯನ್ನು ರದ್ದು ಮಾಡಬಹುದು, ಆದರೆ ಬಹಿರಂಗವಾಗಿ, ಮತ ಹಾಕಿ.

ಅಲ್ಲಿನದನ್ನೆಲ್ಲ ಇಲ್ಲಿ ನೆಡಲಾಗದು, ನಿಜ. ಆದರೆ ಗೌರವ ಸದಸ್ಯರಿಗೆ ನಿಗದಿತ ಅವಧಿ, ಸಭೆಯ ನಡಾವಳಿಯ ಪ್ರಕಟಣೆ, ಸಮಿತಿಯ ಸಲಹೆಯನ್ನು ತಿರಸ್ಕರಿಸಿದರೆ ಪಾಲಿಕೆ ಲಿಖಿತ ಕಾರಣ ಕೊಡಬೇಕೆಂಬ ನಿಯಮ, ಇವಕ್ಕೆ ಬೊಕ್ಕಸದಿಂದ ಹೆಚ್ಚೇನೂ ಹೋಗದು. ಮಾರುಕಟ್ಟೆಯ ವ್ಯಾಪಾರಿಗಳ ಪ್ರತಿನಿಧಿಗೂ ಸಮಿತಿಯಲ್ಲಿ ಒಂದು ಸ್ಥಾನ ಬೇಕು. ಗೋಡೆಯಲ್ಲಿ ಬಿರುಕು ಮೂಡಿದ್ದನ್ನು ಮೊದಲು ಕಾಣುವವರು ಅವರೇ.